ಸಂಪಾದಕರ ಉತ್ತರ: ಹೊಟ್ಟೆಯೊಳಗೆ ಗ್ರೈಂಡರ್

ಈ ಸಲ ಬಂದ ಕಾಗದಗಳಲ್ಲಿ ಒಂದನ್ನು ಮೂರು ದಿನ ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದೆ. ದಾವಣಗೆರೆಯ ಓದುಗರೊಬ್ಬರು ಬರೆದದ್ದು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಮುಖ್ಯವಾದಷ್ಟನ್ನು ಇಲ್ಲಿ ಕೊಡುತ್ತೇನೆ (ಅದರಲ್ಲಿ ಬರುವ ಆಟಿಸಂ ಎಂದರೆ ಮಿದುಳಿನ ಬೆಳವಣಿಗೆಯೇ ಬೇರೆ ಥರ ಇದ್ದು, ಮಾತಾಡುವುದು, ಜನರ ಜೊತೆ ಬೆರೆಯುವುದು ಕಷ್ಟವಾಗುವ ಸ್ಥಿತಿ):

"ನನ್ನ ಮಗನಿಗೆ ಐದು ವರ್ಷ. ಆಟಿಸಂ ಎಂದು ಗೊತ್ತಾಗಿ ಒಂದೂವರೆ ವರ್ಷ ಆಯಿತು. ತಿಂಗಳಿಗೆ ಎರಡು ಸಲ ಬೆಂಗಳೂರಿಗೆ ಥೆರಪಿಗೆ ಕರೆದುಕೊಂಡು ಹೋಗುತ್ತೇವೆ. ಎರಡು ಭಾಷೆ ಆದರೆ ಮಗುವಿಗೆ ಗೊಂದಲ ಆಗುತ್ತೆ, ನಾಳೆ ಸ್ಕೂಲಿನಲ್ಲೂ ಇಂಗ್ಲಿಷೇ, ಅದಕ್ಕೆ ಮನೆಯಲ್ಲಿ ಇಂಗ್ಲಿಷ್ ಒಂದನ್ನೇ ಮಾತಾಡಿ ಅಂದಿದ್ದಾರೆ. ಹಾಗೇ ಮಾಡುತ್ತಿದ್ದೇವೆ. ನಮ್ಮತ್ತೆಗೆ ಇಂಗ್ಲಿಷ್ ಬರುವುದಿಲ್ಲ. ಮೊಮ್ಮಗನ ಹತ್ತಿರ ಮಾತಾಡುವುದನ್ನೇ ಬಿಟ್ಟಿದ್ದಾರೆ. ಇಂಥ ಹೊತ್ತಿನಲ್ಲಿ, ಇಂಗ್ಲಿಷ್ ನರ್ಸರಿಗಳನ್ನು ಬೈದು ನೀವು ಬರೆದ ಸಂಪಾದಕೀಯ ಓದಿದೆ. ತುಂಬಾ ಸಿಟ್ಟು ಬಂತು. ನಿಮ್ಮ ಕನ್ನಡದ ಅಭಿಮಾನಕ್ಕೆ ನನ್ನ ಮಗನನ್ನು ಒತ್ತೆ ಇಡೋಕೆ ಆಗಲ್ಲ ಸಾರ್. ಮೊದಲು ಮಾತು ಬರಲಿ. ಮನಸ್ಸು, ಸಂತೋಷ, ಅಜ್ಜಿ ಪ್ರೀತಿ ಎಲ್ಲಾ ಆಮೇಲೆ. ಮುಂದಿನ ತಿಂಗಳಿಂದ ಪತ್ರಿಕೆ ಕಳಿಸಬೇಡಿ. ಹಾಗೆ ನೋಡಿದರೆ ನಮ್ಮ ಮನೆಯಲ್ಲಿ ಅದನ್ನು ಮೊದಲಿಂದ ಕೊನೆಯವರೆಗೆ ನೋಡುವವನು ಮಗ ಒಬ್ಬನೇ. ಅದೂ ಪುಟದ ನಂಬರುಗಳನ್ನು."

ತಾಯಿ, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆ ಸಂಪಾದಕೀಯ ಬರೆಯುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಶೋಕಿಗೆ ಇಂಗ್ಲಿಷ್ ಮಾತಾಡಿಸುವ ಅಪ್ಪ ಅಮ್ಮಂದಿರು. ನಿಮ್ಮಂಥವರು ನೆನಪಿಗೇ ಬರಲಿಲ್ಲ. ಬರಬೇಕಿತ್ತು, ಯಾಕೆಂದರೆ ನಮ್ಮ ಮನೆಯಲ್ಲೇ ಅಂಥವರೊಬ್ಬರಿದ್ದಾರೆ.

ಮೊದಲು ಥೆರಪಿಸ್ಟ್ ಪರವಾಗಿ ಒಂದು ಮಾತು. ಅವರದ್ದು ಕೆಟ್ಟ ಉದ್ದೇಶ ಅಲ್ಲವೇ ಅಲ್ಲ. ಬೆಂಗಳೂರಿನಲ್ಲಿ ಒಬ್ಬ ಥೆರಪಿಸ್ಟ್ ಹತ್ತಿರ ಬೆಳಿಗ್ಗೆ ತಮಿಳು ಮನೆಯ ಮಗು, ಮಧ್ಯಾಹ್ನ ಹಿಂದಿ ಮನೆಯದು, ಸಂಜೆ ನಿಮ್ಮದು. ಕಾರ್ಡು, ಆ್ಯಪು, ಪುಸ್ತಕ ಜಾಸ್ತಿ ಇರೋದು ಇಂಗ್ಲಿಷಿನಲ್ಲಿ. ಸಿಗುವುದು ಮುಕ್ಕಾಲು ಗಂಟೆ. ಅಲ್ಲಿ ಹೇಳಿಕೊಟ್ಟದ್ದನ್ನೇ ಮನೆಯಲ್ಲೂ ಹೇಳಿದರೆ ಬೇಗ ಕೂತುಕೊಳ್ಳುತ್ತೆ ಅನ್ನುವುದು ಅವರ ಲೆಕ್ಕ. ಅದರಲ್ಲಿ ಹುರುಳಿಲ್ಲ ಎನ್ನಲಾರೆ. ಥೆರಪಿ ಬಿಡಿ ಎಂದೂ ನಾನು ಹೇಳುತ್ತಿಲ್ಲ. ನಾನು ಡಾಕ್ಟರಲ್ಲ, ಪ್ರೂಫ್ ತಿದ್ದಿ ತಿದ್ದಿ ಕಣ್ಣು ಕೆಡಿಸಿಕೊಂಡವನು.

ಆದರೆ ಆ ಗೊಂದಲದ ಮಾತಿದೆಯಲ್ಲ, ಅದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಕೆನಡಾದ ಮಾಂಟ್ರಿಯಲ್ ಊರಿನಲ್ಲಿ ಮನೆಗೊಂದು ಭಾಷೆ, ಬೀದಿಗೊಂದು ಭಾಷೆ. ಅಲ್ಲಿ ಹ್ಯಾಂಬ್ಲಿ ಮತ್ತು ಫೊಂಬೊನ್ ಎಂಬ ಇಬ್ಬರು ಆಟಿಸಂ ಇರುವ 75 ಮಕ್ಕಳನ್ನು ನೋಡಿದರು. ಕೆಲವರ ಮನೆಯಲ್ಲಿ ಒಂದೇ ಭಾಷೆ, ಕೆಲವರ ಸುತ್ತ ಎರಡು. 2012ರಲ್ಲಿ ವರದಿ ಬಂತು. ಎರಡು ಭಾಷೆ ಕೇಳಿ ಬೆಳೆದ ಮಕ್ಕಳ ಮಾತು ಅದರಿಂದ ಇನ್ನಷ್ಟು ತಡವಾಗಿರಲಿಲ್ಲ. ಆಮೇಲೆ ಬೇರೆ ಕಡೆ ನೋಡಿದವರೂ ಹೆಚ್ಚುಕಡಿಮೆ ಇದನ್ನೇ ಹೇಳಿದ್ದಾರೆ. ಆದರೂ 'ಮನೆಮಾತು ಬಿಡಿ' ಎಂಬ ಸಲಹೆ ಮಾತ್ರ ಮಗ್ಗಿ ಒಪ್ಪಿಸಿದ ಹಾಗೆ ಬಾಯಿಂದ ಬಾಯಿಗೆ ಬರುತ್ತಲೇ ಇದೆ.

ಈಗ ನಮ್ಮ ಮನೆ ಕಥೆ. ನನ್ನ ತಂಗಿಯ ಮಗನಿಗೆ ಈಗ ಹತ್ತೊಂಬತ್ತು. ನಾಲ್ಕು ವರ್ಷದವನಿದ್ದಾಗ ಅವಳಿಗೂ ಇದೇ ಸಲಹೆ ಸಿಕ್ಕಿತು. ಎಲ್ಲಿ, ಯಾರು ಎಂದು ಬರೆಯುವುದಿಲ್ಲ. ತಂಗಿ ತಿಪಟೂರಿನಲ್ಲಿ ಓದಿದವಳು. ಅವಳದ್ದು ಪರೀಕ್ಷೆಗೆ ಓದಿದ ಇಂಗ್ಲಿಷ್. ಅಂದಿನಿಂದ ಮನೆಯಲ್ಲಿ ಕೇಳಿಸುತ್ತಿದ್ದದ್ದು ಇಷ್ಟೇ: ಕಮ್. ಸಿಟ್. ಈಟ್. ಲುಕ್ ಅಟ್ ಮಿ. ನೋ. ಡೋಂಟ್. ಒಂದು ಭಾನುವಾರ ಅವಳ ಮನೆಯಲ್ಲಿ ಕೂತು ಬರೀ ಇದನ್ನೇ ಕೇಳಿಸಿಕೊಂಡೆ. ಅರ್ಧ ಗಂಟೆಯಲ್ಲಿ ಒಂದೇ ಒಂದು ಮುದ್ದಿನ ಮಾತು ಬರಲಿಲ್ಲ. ಮುದ್ದು ಅವಳಿಗೆ ಬಾರದ್ದಲ್ಲ, ಅವಳ ಇಂಗ್ಲಿಷಿಗೆ ಬಾರದ್ದು. ಕಷ್ಟಪಟ್ಟು ಕಲಿತ ಭಾಷೆಯಲ್ಲಿ ಹುಕುಂ ಮಾಡಬಹುದು, ಕೊಂಡಾಟ ಮಾಡೋದು ಹೇಗೆ? 'ಅಯ್ಯೋ ನನ್ನ ಬಂಗಾರ, ಎಲ್ಲಿ ಹೋಗಿತ್ತು ನನ್ನ ಚಿನ್ನ' ಅನ್ನುವುದನ್ನು ಅವಳು ಯಾವ ಗೈಡಿನಲ್ಲಿ ಓದಬೇಕಿತ್ತು?

ನಮ್ಮಮ್ಮ ನಿಮ್ಮತ್ತೆಯ ಹಾಗೆಯೇ ಸುಮ್ಮನಾಗಿಬಿಟ್ಟರು. ತಿಪಟೂರಿನಿಂದ ಬಂದಾಗಲೆಲ್ಲ ಮೊಮ್ಮಗನ ಕೈಗೆ ಒಂದು ಚೂರು ಕೊಬ್ಬರಿ, ಒಂದು ಚೂರು ಬೆಲ್ಲ ಇಟ್ಟು ಎದ್ದು ಹೋಗುತ್ತಿದ್ದರು. ಊಟಕ್ಕೆ ಕೂತಾಗ ನಾವೆಲ್ಲ ಕನ್ನಡದಲ್ಲಿ ಹರಟುತ್ತಿದ್ದೆವು, ನಗುತ್ತಿದ್ದೆವು. ನಡುನಡುವೆ ಯಾರಾದರೂ ಅವನ ಕಡೆ ತಿರುಗಿ ದನಿ ಬದಲಿಸಿ 'ಈಟ್' ಎನ್ನುತ್ತಿದ್ದರು. ಅವನಿಗೂ ಅರ್ಥವಾಗುತ್ತಿತ್ತು, ಈ ಮನೆಯಲ್ಲಿ ಎರಡು ಪಂಕ್ತಿ ಇದೆ ಅಂತ.

ಮೂರು ವರ್ಷ ಹೀಗೇ ನಡೆಯಿತು. ನಮ್ಮಪ್ಪ ತೀರಿಕೊಂಡ ಮೇಲೆ ಅಮ್ಮ ತಂಗಿಯ ಮನೆಗೇ ಬಂದರು. ಅದು ಅವರೆಕಾಯಿ ಕಾಲ. ಅಮ್ಮ ರಾತ್ರಿ ನೆನೆಹಾಕಿದ ಕಾಳನ್ನು ಬೆಳಿಗ್ಗೆ ಹಿತುಕಲು ಕೂರುತ್ತಿದ್ದರು. ನಿಮಗೆ ಗೊತ್ತಲ್ಲ, ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತೆ. ಅವನು ಬಂದು ಎದುರಿಗೆ ಕೂತ. ಅಮ್ಮ ಅವನಿಗೆ ಹೇಳಿದ್ದಲ್ಲ, ತಮ್ಮ ಪಾಡಿಗೆ ತಾವೇ 'ಪುಳಕ್' ಅಂದರು. ಇನ್ನೊಂದು ಕಾಳು, ಇನ್ನೊಂದು ಪುಳಕ್. ಹತ್ತೋ ಹನ್ನೆರಡೋ ಆದ ಮೇಲೆ ಎದುರಿನಿಂದಲೂ ಪುಳಕ್ ಬಂತು. ಒಂದು ಸೇರು ಕಾಳು ಮುಗಿಯುವವರೆಗೆ ಇಬ್ಬರೂ ಅಷ್ಟೇ ಮಾತಾಡಿದ್ದು. ಮುಗಿದ ಮೇಲೆ ಅವನು ಖಾಲಿ ಪಾತ್ರೆಯನ್ನು ಅಜ್ಜಿಯ ಕಡೆ ತಳ್ಳಿ "ಇನ್ನೂ" ಅಂದ. ತಂಗಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಅವಳ ಕೈಯಲ್ಲಿದ್ದ ಇಂಗ್ಲಿಷ್ ಕಾರ್ಡುಗಳ ಕಟ್ಟು ಫ್ರಿಜ್ಜಿನ ಮೇಲೆ ಹೋದದ್ದು ಅವತ್ತೇ.

ಇದನ್ನು ಪವಾಡ ಎಂದು ಓದಬೇಡಿ. ಅವನು ಮಾರನೇ ದಿನ ಕುಮಾರವ್ಯಾಸ ಹಾಡಲಿಲ್ಲ. ಇವತ್ತಿಗೂ ಜಾಸ್ತಿ ಮಾತಾಡುವವನಲ್ಲ. ಕೇಳಿದ್ದನ್ನೇ ತಿರುಗಿ ಹೇಳುವ ಅಭ್ಯಾಸ ಆಗಲೂ ಇತ್ತು, ಈಗಲೂ ಇದೆ. ಅದಕ್ಕೆ ಎಕೋಲಾಲಿಯಾ ಎನ್ನುತ್ತಾರೆ. ಮೊದಲೆಲ್ಲ ಇದನ್ನು ಅರ್ಥವಿಲ್ಲದ ಗಿಣಿಮಾತು ಎಂದುಕೊಂಡು ನಿಲ್ಲಿಸಲು ನೋಡುತ್ತಿದ್ದರು. ಬ್ಯಾರಿ ಪ್ರಿಜಾಂಟ್ ಎಂಬ ಅಮೆರಿಕದ ವಾಕ್‌ತಜ್ಞರು 1980ರ ದಶಕದ ಆರಂಭದಲ್ಲೇ ತೋರಿಸಿಕೊಟ್ಟರು, ಆ ಮಕ್ಕಳು ಅದರಲ್ಲಿ ಏನೋ ಕೇಳುತ್ತಿರುತ್ತಾರೆ, ಒಪ್ಪುತ್ತಿರುತ್ತಾರೆ, ತಮ್ಮನ್ನು ತಾವೇ ಸಮಾಧಾನ ಮಾಡಿಕೊಳ್ಳುತ್ತಿರುತ್ತಾರೆ ಅಂತ. ನನಗೆ ಅನ್ನಿಸುವುದು, ತಿರುಗಿ ಹೇಳುವ ಮಗುವಿಗೆ ಕನ್ನಡದಂಥ ಮಡಿಲು ಇನ್ನೊಂದಿಲ್ಲ. ನಾವು ದಿನವಿಡೀ ಮಾಡೋದು ಅದೇ ಅಲ್ವಾ? ಮಳೆ ಪಟಪಟ, ಹೊಳೆ ಜುಳುಜುಳು, ಎದೆ ಡವಡವ. ಊಟಗೀಟ ಆಯ್ತಾ, ಬಸ್ಸುಗಿಸ್ಸು ಸಿಕ್ತಾ. ಹೇಳಿದ್ದನ್ನೇ ಹೇಳಿ ಖುಷಿಪಡುವ ಭಾಷೆ ನಮ್ಮದು. ನೀರು ಬೇಕಾದರೆ 'ಬೇಕು' ಅಂದರೆ ಸಾಕು, ಯಾರಿಗೆ ಅಂತ ಹೇಳಲೇಬೇಕು ಎಂದೇನಿಲ್ಲ. ಆಟಿಸಂ ಬಗ್ಗೆ ಲಿಯೋ ಕ್ಯಾನರ್ ಎಂಬ ಮನೋವೈದ್ಯರು 1943ರಲ್ಲಿ ಬರೆದ ಹೆಸರಾಂತ ಲೇಖನದಲ್ಲಿ 11 ಮಕ್ಕಳ ಕಥೆ ಇದೆ. ಆ ಮಕ್ಕಳು 'ನಾನು' ಅನ್ನಬೇಕಾದಲ್ಲಿ 'ನೀನು' ಅನ್ನುತ್ತಿದ್ದರು ಎಂಬುದನ್ನು ಅವರು ವಿಶೇಷವಾಗಿ ಗುರುತಿಸಿದ್ದರು. ಇಂಗ್ಲಿಷಿನಲ್ಲಿ ಹೆಜ್ಜೆಹೆಜ್ಜೆಗೂ ಆ 'ಐ' ಬೇಕು. ನಮ್ಮಲ್ಲಿ ಅರ್ಧ ಜೀವನ ಅದಿಲ್ಲದೆ ನಡೆಯುತ್ತೆ. (ಇದು ನನ್ನ ಊಹೆ, ಭಾಷಾವಿಜ್ಞಾನದವರು ಬೈದು ಬರೆದರೆ ಅದನ್ನೂ ಅಚ್ಚು ಹಾಕುತ್ತೇನೆ.)

ಈಗ ನಿಮ್ಮ 'ಆಮೇಲೆ' ಎಂಬ ಮಾತಿಗೆ ಬರುತ್ತೇನೆ. ಅದಕ್ಕಾಗಿಯೇ ಇಷ್ಟು ಉದ್ದ ಬರೆಯುತ್ತಿರುವುದು.

ಮಾತು ಮೊದಲು, ಮನಸ್ಸು ಆಮೇಲೆ ಎಂದಿರಿ. ಮನಸ್ಸು ಕಾಯುವುದಿಲ್ಲ ತಾಯಿ. 2011ರಲ್ಲಿ ವ್ಯಾನ್ ಸ್ಟೀನ್ಸೆಲ್ ಮತ್ತು ಸಂಗಡಿಗರು 31 ಅಧ್ಯಯನಗಳನ್ನು ಕೂಡಿಸಿ ನೋಡಿದರು. ಆಟಿಸಂ ಇರುವ 2,121 ಮಕ್ಕಳು ಮತ್ತು ಹದಿಹರೆಯದವರ ಲೆಕ್ಕ ಅದು. ಅವರಲ್ಲಿ ನೂರಕ್ಕೆ ಸುಮಾರು 40 ಮಂದಿಗೆ, ಚಿಕಿತ್ಸೆ ಬೇಕು ಅನ್ನುವಷ್ಟು ಮಟ್ಟದ ಆತಂಕದ ಕಾಯಿಲೆ ಒಂದಾದರೂ ಇತ್ತು. ಆಟಿಸಂ ಕಾಯಿಲೆಯಲ್ಲ. ಆದರೆ ಈ ದಿಗಿಲು, ಈ ಕುಗ್ಗುವಿಕೆ ಕಾಯಿಲೆಯೇ. ಮದ್ದಿದೆ. ಹೊರಗಿನವರಿಗೆ ಅದು ಕಾಣಿಸುವುದೇ ಕಷ್ಟ. ಮಗು ಕೂಗಾಡಿದರೆ 'ಆಟಿಸಂ ಅಲ್ವಾ, ಹಾಗೇ' ಎನ್ನುತ್ತೇವೆ. ಮೂಲೆ ಸೇರಿದರೂ 'ಆಟಿಸಂ ಅಲ್ವಾ, ಹಾಗೇ'.

ನಮ್ಮ ಹುಡುಗನಿಗೆ ಹದಿಮೂರು ತುಂಬಿದ ವರ್ಷ ಅದೇ ಆಯಿತು. ಸ್ಕೂಲಿನಲ್ಲಿ ಇಡೀ ದಿನ ತಗ್ಗಿ ಬಗ್ಗಿ ಇರುತ್ತಿದ್ದ. ಟೀಚರುಗಳಿಗೆ ಬಲು ಖುಷಿ, 'ತುಂಬಾ ಸುಧಾರಿಸಿದ್ದಾನೆ' ಎಂದು ಡೈರಿಯಲ್ಲಿ ಬರೆದು ಕಳಿಸಿದರು. ಮನೆಗೆ ಬಂದವನು ಶೂ ಬಿಚ್ಚುವುದಕ್ಕೂ ಮೊದಲೇ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ. ಆಮೇಲೆ ಸ್ಕೂಲಿಗೆ ಹೋಗುವುದನ್ನೇ ನಿಲ್ಲಿಸಿದ. ಕೌನ್ಸೆಲರ್ ಒಬ್ಬರ ಹತ್ತಿರ ಕರೆದುಕೊಂಡು ಹೋದೆವು. ಅವರು ಒಳ್ಳೆಯವರೇ. ನಗುವ ಮುಖ, ಅಳುವ ಮುಖ, ಸಿಟ್ಟಿನ ಮುಖ ಇರುವ ಚಾರ್ಟ್ ಮುಂದಿಟ್ಟು "ಹೌ ಆರ್ ಯು ಫೀಲಿಂಗ್?" ಅಂದರು. ಅವನು ತಟ್ಟನೆ "ಐ ಯಾಮ್ ಫೈನ್, ಥ್ಯಾಂಕ್ಯೂ" ಅಂದ. ನಾಲ್ಕು ವಾರ ಕೇಳಿದರು, ನಾಲ್ಕು ವಾರವೂ ಫೈನ್. ಯಾಕೆ ಅನ್ನಬಾರದು? ಆ ಪ್ರಶ್ನೆಗೆ ಅದೇ ಸರಿಯಾದ ಉತ್ತರ ಎಂದು ನಾಲ್ಕನೇ ವಯಸ್ಸಿನಲ್ಲಿ ಚಾಕೊಲೇಟ್ ಕೊಟ್ಟು ಕಲಿಸಿದ್ದು ನಾವೇ.

ಒಂದು ರಾತ್ರಿ ಅಜ್ಜಿ ಪಕ್ಕದಲ್ಲಿ ಮಲಗಿದ್ದವನನ್ನು ಕೇಳಿದರು, "ಹೊಟ್ಟೆ ಒಳಗೆ ಏನಾಯ್ತದೆ ಮಗಾ?"

"ಗ್ರೈಂಡರ್ ಓಡ್ತಿದೆ," ಅಂದ.

"ಯಾವಾಗ ಶುರು ಆಯ್ತದೆ?"

"ಬಸ್ಸಲ್ಲಿ."

ಅಷ್ಟು ಸಾಕಾಯಿತು. ಸ್ಕೂಲ್ ಬಸ್ಸಿನ ಹಿಂದಿನ ಸೀಟಿನಲ್ಲಿ ಮೂವರು ಹುಡುಗರು ದಿನಾ ಅವನ ಹಾಗೆ ಕೈ ಆಡಿಸಿ, ಅವನ ಹಾಗೆ ಮಾತಾಡಿ ತೋರಿಸುತ್ತಿದ್ದರು. ಇದು ನಡೆಯುತ್ತಾ ಎಂಟು ತಿಂಗಳಾಗಿತ್ತು.

ಆಮೇಲೆ ಕನ್ನಡದಲ್ಲಿ ಮಾತಾಡುವ ಮನಃಶಾಸ್ತ್ರಜ್ಞರೊಬ್ಬರು ಸಿಕ್ಕರು. ಅವರು ಮುಖಗಳ ಚಾರ್ಟನ್ನು ಮುಟ್ಟಲೇ ಇಲ್ಲ. ದೊಡ್ಡ ಹಾಳೆಯಲ್ಲಿ ಮನುಷ್ಯನ ಆಕಾರ ಬರೆದು 'ಎಲ್ಲಿ?' ಎಂದು ಕೇಳಿದರು. ಅವನು ಹೊಟ್ಟೆ ತೋರಿಸಿದ, ಅಂಗೈ ತೋರಿಸಿದ. ಗ್ರೈಂಡರಿಗೆ ಒಂದರಿಂದ ಐದು ಸ್ಪೀಡ್ ಇಟ್ಟರು. ಮೂರಕ್ಕೆ ಬಂದರೆ ಕ್ಲಾಸಿನಿಂದ ಎದ್ದು ಲೈಬ್ರರಿಗೆ ಹೋಗಬಹುದು ಎಂದು ಸ್ಕೂಲಿನವರಿಂದ ಬರೆಸಿಕೊಂಡರು. ಬಸ್ಸು ಬಿಡಿಸಿದೆವು. ಸ್ವಲ್ಪ ಕಾಲ ಮಾತ್ರೆಯೂ ಇತ್ತು, ಮುಚ್ಚಿಡುವಂಥದ್ದೇನಲ್ಲ. ಏಳೆಂಟು ತಿಂಗಳು ಹಿಡಿಯಿತು.

ತಮ್ಮ ಒಳಗೆ ಏನಾಗುತ್ತಿದೆ ಎಂದು ಹೆಸರಿಸುವುದು ಆಟಿಸಂ ಇರುವ ಅನೇಕರಿಗೆ ಮೊದಲೇ ಕಷ್ಟ. ಅಂಥವರ ಕೈಗೆ ಹ್ಯಾಪಿ, ಸ್ಯಾಡ್, ಆ್ಯಂಗ್ರಿ ಎಂಬ ಮೂರು ಕಾರ್ಡು ಕೊಟ್ಟು ಕೂರಿಸುತ್ತೇವೆ. ಮನೆಯಲ್ಲಿ ಏನೇನಿದೆ ನೋಡಿ: ಕಸಿವಿಸಿ, ತಳಮಳ, ಚಡಪಡಿಕೆ, ದಿಗಿಲು, ಕಿರಿಕಿರಿ, ಮುನಿಸು, ಬೇಜಾರು. ಹೊಟ್ಟೆ ತೊಳೆಸುತ್ತೆ, ಕೈಕಾಲು ತಣ್ಣಗಾಗುತ್ತೆ, ಜೀವ ಝಲ್ಲೆನ್ನುತ್ತೆ. ನಮ್ಮ ಹಳ್ಳಿಯ ಮುದುಕಿಯರು ದುಃಖವನ್ನು ಮೈಯಲ್ಲಿ ತೋರಿಸಿ ಹೇಳುತ್ತಾರೆ. ಈ ಮಕ್ಕಳಿಗೂ ಮೈಯಿಂದ ಶುರು ಮಾಡೋದೇ ಸುಲಭ. ನಿಮ್ಮತ್ತೆಯ ಬಾಯಿ ಕಟ್ಟಿದಾಗ ಇಷ್ಟೂ ಪದಗಳಿಗೆ ಬೀಗ ಬಿತ್ತು. ಗದರುತ್ತಿದ್ದೇನೆ ಅಂದುಕೊಳ್ಳಬೇಡಿ. ಸ್ವಲ್ಪ ಗದರುತ್ತಿದ್ದೇನೆ.

ಆದರೆ ತಪ್ಪು ನಿಮ್ಮದಲ್ಲ. ಈ ಮಕ್ಕಳ ತಾಯಂದಿರಿಗೆ ಬುದ್ಧಿ ಹೇಳುವ ಚಟ ಹಳೆಯದು. ಬ್ರೂನೋ ಬೆಟೆಲ್‌ಹೈಮ್ ಎಂಬಾತ 1967ರಲ್ಲಿ ದಪ್ಪ ಪುಸ್ತಕ ಬರೆದು, ಆಟಿಸಂ ಬರುವುದು ತಾಯಿಯ ಪ್ರೀತಿ ಸಾಲದೆ ಎಂದು ಅಮೆರಿಕವನ್ನೇ ನಂಬಿಸಿದ್ದ. 'ರೆಫ್ರಿಜರೇಟರ್ ತಾಯಿ' ಎನ್ನುತ್ತಿದ್ದರು, ಅಂದರೆ ಎದೆಯಲ್ಲಿ ಬಿಸುಪಿಲ್ಲದವಳು. ಅದಕ್ಕೆ ಮೂರು ವರ್ಷ ಮೊದಲೇ, 1964ರಲ್ಲಿ, ಬರ್ನಾರ್ಡ್ ರಿಮ್ಲಂಡ್ ಇದು ಮಿದುಳಿಗೆ ಸಂಬಂಧಿಸಿದ್ದು ಎಂದು ಬರೆದಿದ್ದರು. ಅವರು ಮನಃಶಾಸ್ತ್ರಜ್ಞ, ಜೊತೆಗೆ ಆಟಿಸಂ ಇದ್ದ ಮಗನ ಅಪ್ಪ. ಆದರೂ ಜನ ನಂಬಿದ್ದು ಬೆಟೆಲ್‌ಹೈಮನನ್ನು. ಅಲ್ಲಿನ ತಾಯಂದಿರನ್ನು ತಣ್ಣಗಿದ್ದೀರಿ ಎಂದು ಬೈದರು. ಇಲ್ಲಿ ನಾವು ಬೆಚ್ಚಗಿರುವ ತಾಯಿಯನ್ನು ಹುಡುಕಿ, ಅವಳಿಗೆ ಬಾರದ ಭಾಷೆ ಕೊಟ್ಟು ತಣ್ಣಗೆ ಮಾಡುತ್ತಿದ್ದೇವೆ.

ಹೀಗೆಂದ ಮಾತ್ರಕ್ಕೆ ಕನ್ನಡದವರು ಬೆನ್ನು ತಟ್ಟಿಕೊಳ್ಳಬೇಕಾಗಿಲ್ಲ. ಹುಚ್ಚ, ಪೆದ್ದ, ಅರೆಹುಚ್ಚ, ಮೂಗ ಎಂಬುದೂ ಕನ್ನಡವೇ. ಸರ್ಕಾರದ ಕಾಗದಪತ್ರಗಳಲ್ಲಿ ಆಟಿಸಂಗೆ 'ಸ್ವಲೀನತೆ' ಎಂಬ ಪದ ಇಟ್ಟಿದ್ದಾರೆ, ತನ್ನಲ್ಲೇ ಲೀನವಾದದ್ದು ಅಂತ. ಮೂಲ ಪದದಲ್ಲಿ 'ತಾನು' ಎಂಬ ಅರ್ಥ ಇದ್ದದ್ದಕ್ಕೆ ಹಾಗೇ ಇಳಿಸಿದರು. ನಮ್ಮ ಹುಡುಗ ಲೀನವಾಗಿದ್ದದ್ದು ಬಸ್ಸಿನ ಹಿಂದಿನ ಸೀಟಿನ ಭಯದಲ್ಲಿ. ಇನ್ನು ನವೆಂಬರ್ ಬಂತೆಂದರೆ ನಮ್ಮ ಬೀದಿಯಲ್ಲಿ ಕನ್ನಡಮ್ಮನ ಮುಂದೆ ಡಿಜೆ. ಕಿಟಕಿ ಗಾಜು ನಡುಗುತ್ತೆ. ಸದ್ದು ಸಹಿಸಲಾರದ ಮಗು ಮಂಚದ ಕೆಳಗೆ ಸೇರಿಕೊಂಡು ಕಿವಿ ಮುಚ್ಚಿಕೊಳ್ಳುತ್ತೆ. ಭಾಷೆಯ ಹಬ್ಬದ ದಿನ ಆ ಮಗುವಿಗೆ ಭಾಷೆಯೇ ಕೇಳಿಸುವುದಿಲ್ಲ. ಹೋದ ವರ್ಷ ಹೋಗಿ ದನಿ ಕಡಿಮೆ ಮಾಡಿ ಎಂದು ಕೇಳಿದ್ದಕ್ಕೆ, "ನೀವು ಕನ್ನಡ ಪತ್ರಿಕೆ ಮಾಡೋರಲ್ವಾ ಸಾರ್?" ಎಂದು ನನ್ನನ್ನೇ ಕೇಳಿದರು.

ಕಾನೂನಿನಲ್ಲೇನೂ ಕೊರತೆ ಇಲ್ಲ. 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯ ಇತ್ತು, 2016ರದ್ದರಲ್ಲಿ 21 ಆಯಿತು, ಆಟಿಸಂ ಮತ್ತು ಕಲಿಕಾ ನ್ಯೂನತೆ ಎರಡೂ ಸೇರಿದವು. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಓದಿ ನೋಡಿ. ಸಾಧ್ಯವಾದಷ್ಟೂ ಮಗುವಿನ ತಾಯ್ನುಡಿಯಲ್ಲಿ ಕಲಿಸಬೇಕು ಎಂದು ಒಂದು ಸಾಲು. ಅದರ ಕೆಳಗೇ, ಮಗುವನ್ನು ಭಯ, ಆಘಾತ, ಆತಂಕಗಳಿಂದ ಬಿಡಿಸಬೇಕು, ತನ್ನ ಅನಿಸಿಕೆ ಹೇಳಲು ನೆರವಾಗಬೇಕು ಎಂದು ಇನ್ನೊಂದು. ಬರೆದವರು ಬೇಕೆಂದೇ ಅಕ್ಕಪಕ್ಕ ಕೂರಿಸಿದರೋ, ತಾನಾಗಿ ಹಾಗೆ ಬಂತೋ! ಮೊದಲನೆಯದರ ಬಗ್ಗೆ ನಾವು ಕೋರ್ಟಿನವರೆಗೂ ಹೋಗಿ ಗುದ್ದಾಡಿದೆವು. ಎರಡನೆಯದರ ಬಗ್ಗೆ ಒಂದು ಮೆರವಣಿಗೆಯೂ ಹೊರಟಿದ್ದನ್ನು ನಾನು ನೋಡಿಲ್ಲ. ನಾನೂ ಒಂದು ಸಂಪಾದಕೀಯ ಬರೆದವನಲ್ಲ, ಆ ಮಾತು ಬೇರೆ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1960ರ ದಶಕದಿಂದ. ಕನ್ನಡ ಮಕ್ಕಳ ಮಾತನ್ನು ಕನ್ನಡದಲ್ಲೇ ಪರೀಕ್ಷಿಸುವ ಕೆಲಸ ಅಲ್ಲಿ ಬಹಳ ವರ್ಷಗಳಿಂದ ನಡೆದಿದೆ. ದಾವಣಗೆರೆಯಿಂದ ಒಂದು ಸಲ ಹೋಗಿ ಬನ್ನಿ. ಇನ್ನೊಬ್ಬರ ಅಭಿಪ್ರಾಯ ಕೇಳಿದರೆ ಮೊದಲಿನವರಿಗೆ ದ್ರೋಹ ಬಗೆದ ಹಾಗೆ ಆಗಲ್ಲ. ಈಗಿನ ಥೆರಪಿಸ್ಟನ್ನೂ ನೇರವಾಗಿ ಕೇಳಿ: ಇಲ್ಲಿ ಕಲಿಸಿದ್ದನ್ನೇ ಮನೆಯಲ್ಲಿ ನಾವು ಕನ್ನಡದಲ್ಲಿ ಮಾಡಬಹುದಾ, ಅಂತ. ಕೇಳಿದರೆ ಎಷ್ಟೋ ಜನ ಒಪ್ಪುತ್ತಾರೆ, ನಾವು ಕೇಳುವುದಿಲ್ಲ ಅಷ್ಟೇ. ನಿಮಗೇ ತಡೆಯಲಾಗದ ರಾತ್ರಿಗಳು ಬಂದರೆ ಮನಸ್ಸಿನ ಕಷ್ಟಕ್ಕೆಂದೇ ಸರ್ಕಾರ ನಡೆಸುವ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಅಮ್ಮಂದಿರು ತಮಗಾಗಿ ಅಂತ ಫೋನ್ ಮಾಡೋದು ಕಡಿಮೆ, ಅದಕ್ಕೇ ಹೇಳಿದೆ.

ನಮ್ಮ ಹುಡುಗನ ಬಗ್ಗೆ ಇನ್ನೊಂದು. ಅವನಿಗೆ ನಮ್ಮ ಮೆಟ್ರೋ ಎಂದರೆ ಪ್ರಾಣ. ಗ್ರೈಂಡರ್ ಎರಡಕ್ಕೆ ಬಂತೆಂದರೆ "ಮುಂದಿನ ನಿಲ್ದಾಣ..." ಎಂದು ಶುರು ಮಾಡುತ್ತಾನೆ. ನಾಗಸಂದ್ರದಿಂದ ಯಲಚೇನಹಳ್ಳಿಯವರೆಗೆ ಒಂದೂ ಬಿಡದೆ, ಅದೇ ರಾಗ, ಅದೇ ನಿಧಾನ. ಆ ದನಿ ನಿರೂಪಕಿ ಅಪರ್ಣಾ ಅವರದ್ದು. ಅವರು 2024ರ ಜುಲೈನಲ್ಲಿ ತೀರಿಕೊಂಡಾಗ ಅವನಿಗೆ ಹೇಗೆ ಹೇಳುವುದು ಎಂದು ತಂಗಿ ಎರಡು ದಿನ ಒದ್ದಾಡಿದಳು. ಹೇಳಿದ ಮೇಲೆ ಅವನು ಅಳಲಿಲ್ಲ. "ಹಾಗಾದ್ರೆ ಮುಂದಿನ ನಿಲ್ದಾಣ ಯಾರು ಹೇಳ್ತಾರೆ?" ಎಂದ. ಧ್ವನಿಮುದ್ರಣ ಇರುತ್ತಪ್ಪ, ದನಿ ಹಾಗೇ ಇರುತ್ತೆ ಅಂದೆವು. ನಂಬಲಿಲ್ಲ. ನನ್ನನ್ನು ಎಳೆದುಕೊಂಡು ಹೋಗಿ ಮೆಟ್ರೋ ಹತ್ತಿಸಿದ. ಮೂರು ನಿಲ್ದಾಣ ಕಣ್ಣುಮುಚ್ಚಿ ಕೇಳಿಸಿಕೊಂಡ. ಆಮೇಲೆ ನನ್ನ ಕಡೆ ತಿರುಗಿ, "ಒಂದು, ಮಾಮ" ಅಂದ. ಸ್ಪೀಡು ಒಂದಕ್ಕೆ ಇಳಿದಿದೆ ಅಂತ.

ಚಂದಾ ವಿಷಯ. ಮುಂದಿನ ಸಂಚಿಕೆ ನಿಮ್ಮ ಕಾಗದ ಬರುವ ಮೊದಲೇ ಅಂಚೆಗೆ ಹೋಗಿಯಾಗಿದೆ, ಕ್ಷಮಿಸಿ. ಅದರಲ್ಲಿ 37ನೇ ಪುಟದ ನಂಬರು ತಪ್ಪಾಗಿ 73 ಎಂದು ಬಿದ್ದಿದೆ. ಮೂರು ಸಲ ಪ್ರೂಫ್ ನೋಡಿದರೂ ನಮಗೆ ಯಾರಿಗೂ ಕಾಣಲಿಲ್ಲ. ನಿಮ್ಮ ಮಗ ಹಿಡಿಯುತ್ತಾನೆ. ಹಿಡಿದಾಗ ಅವನಜ್ಜಿ ಪಕ್ಕದಲ್ಲಿರಲಿ.